ಬ್ರಾಚಿನಾ ಗಾರ್ಜ್, ಅರೂನಾ, ಹಳೇ ವಿಲ್ಪೀನಾ ಸ್ಟೇಷನ್: ಸಾಧಾರಣ ಗಾಡಿಯಲ್ಲಿ ಹೋಗಬಹುದಾ? (ಫ್ಲಿಂಡರ್ಸ್ ರೇಂಜಸ್, ದಕ್ಷಿಣ ಆಸ್ಟ್ರೇಲಿಯಾ)

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಜುಲೈ ಮೊದಲ ವಾರ ಅಡಿಲೇಡ್‌ನಿಂದ ಹೊರಟು ಫ್ಲಿಂಡರ್ಸ್‌ನಲ್ಲಿ ನಾಲ್ಕು ರಾತ್ರಿ ಉಳಿಯುವ ಯೋಚನೆ. ನಾಲ್ಕು ಜನ. ಅದರಲ್ಲಿ ಇಬ್ಬರು ಅರವತ್ತೈದು ದಾಟಿದವರು, ಮಂಡಿನೋವಿನವರು. ಬಾಡಿಗೆ ಗಾಡಿ ಟೂ ವೀಲ್ ಡ್ರೈವ್ ಎಸ್‌ಯುವಿ. ಬ್ರಾಚಿನಾ ಗಾರ್ಜ್ (ಬೆಟ್ಟ ಸೀಳಿದ ಇಕ್ಕಟ್ಟಾದ ಕಣಿವೆ) ಮತ್ತು ಹಳೆಯ ಕುರಿ ಸ್ಟೇಷನ್ನುಗಳ (ದೊಡ್ಡ ಕುರಿ ಸಾಕಣೆ ಜಮೀನುಗಳ) ಮನೆಗಳು, ಅಂದರೆ ಹೋಮ್‌ಸ್ಟೆಡ್‌ಗಳು, ಈ ಎರಡನ್ನು ನೋಡಲೆಂದೇ ಹೋಗುತ್ತಿರುವುದು. ಗಾರ್ಜ್ ಒಳಗೆ ಈ ಗಾಡಿ ನಡೆಯುತ್ತಾ? ಯಾವ ಕಡೆಯಿಂದ ಹೊಕ್ಕರೆ ಒಳ್ಳೆಯದು? ಹೋಮ್‌ಸ್ಟೆಡ್‌ಗಳಲ್ಲಿ ಯಾವುದನ್ನು ಬಿಡಬಾರದು? ನೀರು, ಪೆಟ್ರೋಲು, ಫೋನಿನ ವಿಷಯವನ್ನೂ ತಿಳಿದವರು ಬಿಡಿಸಿ ಹೇಳಿ.

ಕೆಂಪುಧೂಳು
ನೆಲ ಒಣಗಿದ್ದರೆ ನಡೆಯುತ್ತದೆ. ಮಳೆ ಬಿದ್ದಿದ್ದರೆ ಯಾವ ಗಾಡಿಯೂ ಬೇಡ.

ಮೊದಲು ದಾರಿ. ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾ, ಅಲ್ಲಿಂದ ಪಿಚಿ ರಿಚಿ ಕಣಿವೆ ದಾಟಿ ಕ್ವಾರ್ನ್, ಆಮೇಲೆ ಹಾಕರ್, ಕೊನೆಗೆ ವಿಲ್ಪೀನಾ. ಇಷ್ಟೂ ಟಾರು ರಸ್ತೆ, ಸುಮಾರು 450 ಕಿ.ಮೀ. ನಿಲ್ಲದೆ ಓಡಿಸಿದರೆ ಐದು ಐದೂವರೆ ಗಂಟೆ, ಹಿರಿಯರು ಜೊತೆಗಿದ್ದರೆ ಏಳು ಅಂತಲೇ ಲೆಕ್ಕ ಹಾಕಿ. ವಿಲ್ಪೀನಾದಿಂದ ಉತ್ತರಕ್ಕೆ ಬ್ಲಿನ್‌ಮನ್‌ವರೆಗೂ ಟಾರು ಇದೆ. ಆ ರಸ್ತೆಯಿಂದ ಎಡಕ್ಕೆ ತಿರುಗಿ ಬ್ರಾಚಿನಾ ದಾರಿ ಹಿಡಿದ ಮೇಲೆ ಮಣ್ಣು, ಜಲ್ಲಿ, ಉಂಡೆಕಲ್ಲು. ಬೆಟ್ಟಸಾಲನ್ನು ಸೀಳಿಕೊಂಡು ಅದು ಪಶ್ಚಿಮದಲ್ಲಿ ಹಾಕರ್–ಲೀ ಕ್ರೀಕ್ ಹೆದ್ದಾರಿಗೆ ಸೇರುತ್ತದೆ.

ಗಾರ್ಜಿನ ಒಳಗೆ ದಾರಿ ಹಲವು ಕಡೆ ಹಳ್ಳದ ಪಾತ್ರದಲ್ಲೇ ಸಾಗುತ್ತದೆ. ಪಕ್ಕದಲ್ಲಿ ಬೇರೆ ರಸ್ತೆ ಇಲ್ಲ, ಹಳ್ಳವೇ ರಸ್ತೆ. ಹೋದ ಸಲ ನೀರು ಹರಿದಾಗ ಎಲ್ಲಿ ಕಲ್ಲು ತಂದು ಗುಡ್ಡೆ ಹಾಕಿತೋ, ಎಲ್ಲಿ ಗುಂಡಿ ತೋಡಿತೋ, ಆ ವರ್ಷ ದಾರಿಯ ಗುಣ ಅದೇ. ತಳ ನೆಲಕ್ಕೆ ಹತ್ತಿರವಿರುವ ಚಿಕ್ಕ ಕಾರಿಗೆ ಎಣ್ಣೆ ಸಂಪು ಕಲ್ಲಿಗೆ ತಾಗುವ ಭಯ. ನೆಲದಿಂದ 200 ಮಿ.ಮೀ. ಆಸುಪಾಸು ಎತ್ತರವಿರುವ ಎಸ್‌ಯುವಿ ನಿಧಾನವಾಗಿ ದಾಟುತ್ತದೆ.

ಕಲ್ಲಿಗಿಂತ ದೊಡ್ಡ ತೊಡಕು ಬಾಡಿಗೆ ಕರಾರಿನಲ್ಲಿ ಇರುತ್ತದೆ. ಟೂ ವೀಲ್ ಡ್ರೈವ್ ಗಾಡಿಯನ್ನು ಮಣ್ಣಿನ ರಸ್ತೆಗೆ ಒಯ್ಯಬಾರದು ಎಂಬ ಷರತ್ತು ಸಾಮಾನ್ಯ. ಒಯ್ದರೆ ವಿಮೆ ಪೂರ್ತಿ ಬಿದ್ದುಹೋಗುತ್ತದೆ, ಬರೀ ಟೈರಿನದ್ದಲ್ಲ. ಊರಾಚೆ ಸೂರ್ಯ ಮುಳುಗಿದ ಮೇಲೆ ಓಡಿಸಬಾರದು ಎಂಬ ಷರತ್ತೂ ಅನೇಕ ಕರಾರುಗಳಲ್ಲಿ ಇರುತ್ತದೆ. ಕೌಂಟರಿನಲ್ಲಿ "ಪರವಾಗಿಲ್ಲ ಹೋಗಿ" ಅಂದರೆ ಸಾಲದು. ಯಾವ ರಸ್ತೆಗೆ ಒಪ್ಪಿಗೆ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಹುಬ್ಬಳ್ಳಿ_ಗೇರ್
ಸರ್ ಹೇಳಿದ್ದು ಖರೇ ಐತ್ರಿ. ಟೈರಿನ ಲೆಕ್ಕ ನಾನು ಸೇರಸ್ತೀನಿ, ಅಲ್ಲೇ ಭಾಳ ಮಂದಿ ಎಡವತಾರ.

ಬಾಗಿಲ ಸಂದಿಯೊಳಗಿನ ಚೀಟಿಯಾಗ 35, 36 ಪಿಎಸ್‌ಐ ಅಂತ ಬರದಿರತೈತಿ. ಅದು ಟಾರಿಗೆ. ಚೂಪು ಕಲ್ಲಿನ ಮ್ಯಾಲ ಅಷ್ಟು ಬಿಗಿ ಇದ್ದರ ಟೈರು ಬಗ್ಗಂಗಿಲ್ಲ, ಕಲ್ಲು ಸೀದಾ ಕೊರೀತೈತಿ. ತಣ್ಣಗಿದ್ದಾಗ 28ಕ್ಕ ಇಳಸ್ರಿ. ಗಾಳಿ ಇಳಿಸಿದ ಮ್ಯಾಲ ವೇಗಾನೂ ಇಳೀಬೇಕು. ಕಡಿಮಿ ಗಾಳಿ, ಜಾಸ್ತಿ ಸ್ಪೀಡು ಕೂಡಿದರ ಟೈರಿನ ಪಕ್ಕದ ಗೋಡಿ ಕಾದು ಸೀಳತೈತಿ. ಬಯಲಿನ ಜಲ್ಲಿ ರಸ್ತೆದಾಗ 60, ಗಾರ್ಜ್ ಒಳಗ 20, ಹಳ್ಳ ದಾಟೂ ಮುಂದ ನಡಿಗಿ ವೇಗ. ಟಾರಿಗೆ ಬಂದ ಕೂಡ್ಲೆ ಮತ್ತ ತುಂಬ್ರಿ. ಅದಕ್ಕ 12 ವೋಲ್ಟಿನ ಸಣ್ಣ ಕಂಪ್ರೆಸರ್ ಮತ್ತ ಒಂದು ಗೇಜ್ ಜೋಡಿ ಇರಲಿ.

ಗಾಡಿ ತಗೊಳ್ಳೂ ಮುಂದ ಡಿಕ್ಕಿ ತಗದು ಸ್ಟೆಪ್ನಿ ನೋಡ್ರಿ. ಸಪೂರ ಸ್ಟೆಪ್ನಿ ಇದ್ದರ ಬ್ಯಾಡ ಅನ್ರಿ. ಅದು ಟಾರಿನ ಮ್ಯಾಲ 80ರ ಒಳಗ ಪಂಕ್ಚರ್ ಅಂಗಡಿ ಮುಟ್ಟಲಿಕ್ಕೆ ಮಾಡಿದ್ದು, ಉಂಡಿಕಲ್ಲಿನ ಹಳ್ಳಕ್ಕಲ್ಲ. ಕೆಲವು ಗಾಡ್ಯಾಗ ಸ್ಟೆಪ್ನೀನ ಇರಂಗಿಲ್ಲ, ಬರೇ ಅಂಟಿನ ಡಬ್ಬಿ ಕೊಟ್ಟಿರತಾರ. ಪಕ್ಕದ ಗೋಡಿ ಹರದರ ಆ ಅಂಟು ಕೆಲಸಕ್ಕ ಬರಂಗಿಲ್ಲ. ಜ್ಯಾಕು, ಪಾನಾ, ಲಾಕ್ ನಟ್ಟಿನ ಕೀಲಿ ಮೂರೂ ಅದಾವೇನು ಎಣಸ್ರಿ. ಜ್ಯಾಕಿನ ಬುಡಕ್ಕ ಒಂದು ಫೂಟಿನ ದಪ್ಪ ಹಲಗಿ ತುಂಡು ಇರಲಿ. ಜಲ್ಲಿಯಾಗ ಜ್ಯಾಕು ಏರೂದಿಲ್ಲ, ಕುಂತ ಬಿಡತೈತಿ.

ಧೂಳಿಗೆ ಒಂದು ಮಾತು. ಕಿಟಕಿ ಎಲ್ಲಾ ಮುಚ್ಚಿ, ಏಸಿ ಗಾಳಿ ಹೊರಗಿಂದ ಬರೂ ಹಂಗ ಇಟ್ಟು ಫ್ಯಾನ್ ಜೋರು ಮಾಡ್ರಿ. ಒಳಗಿನ ಒತ್ತಡ ಸ್ವಲ್ಪ ಏರತೈತಿ, ಹಿಂದಿನ ಬಾಗಿಲ ಸಂದಿಯಿಂದ ಧೂಳು ಒಳಗ ಬರಂಗಿಲ್ಲ. ಮುಂದ ಇನ್ನೊಂದು ಗಾಡಿ ಧೂಳು ಎಬ್ಬಿಸಿಕೊಂತ ಹೊಂಟಿದ್ದರ ಆಗ ಮಾತ್ರ ಒಳಗಾಳಿಗೆ ತಿರುಗಸ್ರಿ, ಇಲ್ಲಾಂದ್ರ ನಿಂತು ಅದನ್ನ ಮುಂದ ಬಿಡ್ರಿ.

ಪದರಗಲ್ಲು
ಯಾವ ಕಡೆಯಿಂದ ಹೋಗಬೇಕು ಎಂಬ ಪ್ರಶ್ನೆಗೆ: ಪೂರ್ವದಿಂದ ಪಶ್ಚಿಮಕ್ಕೆ, ಬೆಳಿಗ್ಗೆ ಹೊತ್ತು.

ಅಲ್ಲಿನ ಭೂವಿಜ್ಞಾನದ ದಾರಿ 20 ಕಿ.ಮೀ. ಪದರಗಳು ಪಶ್ಚಿಮಕ್ಕೆ ವಾಲಿರುವುದರಿಂದ ಪೂರ್ವದ ತುದಿಯಲ್ಲಿ ಹಳೆಯ ಕಲ್ಲು, ಮುಂದೆ ಹೋದಂತೆ ಹೊಸದು. ಒಟ್ಟು ಸುಮಾರು 13 ಕೋಟಿ ವರ್ಷದ ಕೆಸರು, ಮರಳು, ಸುಣ್ಣ. ದಾರಿಯುದ್ದಕ್ಕೂ ಇರುವ ಫಲಕಗಳನ್ನು ಇದೇ ಕ್ರಮದಲ್ಲಿ ಓದಿದರೆ ಅರ್ಥವಾಗುತ್ತದೆ. ತಿರುಗಾ ಹೋದರೆ ಪ್ರಾಣಿಗಳು ಮೊದಲು ಬಂದು ಆಮೇಲೆ ಮಾಯವಾಗುತ್ತವೆ.

ಪೂರ್ವಾರ್ಧವನ್ನು ಜನ ಬೇಗ ದಾಟಿಬಿಡುತ್ತಾರೆ, ಏಕೆಂದರೆ ಅಲ್ಲಿ ಗೋಡೆಯಂಥ ಬಂಡೆ ಇಲ್ಲ. ನಿಲ್ಲಬೇಕಾದ್ದು ಅಲ್ಲೇ. ಟ್ರೆಝೋನಾ ಸುಣ್ಣಗಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್ ದಿಬ್ಬಗಳಿವೆ. ಅದರ ಮೇಲೆ ಎಲಟೀನಾ ಎಂಬ ಪದರ, ಭೂಮಿ ಬಹುಪಾಲು ಹಿಮದಲ್ಲಿ ಮುಳುಗಿದ್ದ ಕಾಲದ್ದು. ಹಿಮ ಕರಗಿದ ಕೂಡಲೆ ಅದರ ಮೇಲೆ ಕೂತದ್ದು ನಕಲೀನಾ ಎಂಬ ತೆಳು ಡಾಲಮೈಟ್. ಈ ಎರಡು ಸೇರುವ ಗೆರೆಗೆ, ಎನೊರಾಮಾ ಹಳ್ಳದ ದಂಡೆಯಲ್ಲಿ, ಒಂದು ಲೋಹದ ಬಿಲ್ಲೆ ಹೊಡೆದಿದ್ದಾರೆ. ಎಡಿಯಾಕರನ್ ಯುಗ ಶುರುವಾಗುವುದು ಆ ಗೆರೆಯಿಂದ ಎಂದು 2004ರಲ್ಲಿ ಜಗತ್ತಿನ ಭೂವಿಜ್ಞಾನಿಗಳು ಒಪ್ಪಿದರು. ವಯಸ್ಸು ಸುಮಾರು 63.5 ಕೋಟಿ ವರ್ಷ. ದಕ್ಷಿಣ ಗೋಳಾರ್ಧದ ಜಾಗವೊಂದರಿಂದ ಹೆಸರು ಪಡೆದ ಭೂಯುಗ ಇದೊಂದೇ.

ಅಲ್ಲಿಂದ ಮುಂದೆ ಎಬಿಸಿ ರೇಂಜ್ ಕ್ವಾರ್ಟ್ಜೈಟ್, ಅಂದರೆ ಗಟ್ಟಿಯಾದ ಮರಳುಗಲ್ಲು. ಅದರ ಹಲಗೆಗಳ ಮೇಲೆ ಅಲೆಯ ಗುರುತು ನೋಡಿ. ನಂತರದ ಬನ್ಯೆರೂ ಪದರದ ಕೆಂಪು ಕೆಸರುಗಲ್ಲಿನಲ್ಲಿ ಬೆರಳಿನಷ್ಟು ತೆಳು ಪಟ್ಟಿಯೊಂದಿದೆ. ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ದೂರದ ಅಕ್ರಮಾನ್ ಎಂಬಲ್ಲಿ ಉಲ್ಕೆ ಬಿದ್ದಾಗ ಸಿಡಿದು ಬಂದ ಚೂರುಗಳವು. ಪಶ್ಚಿಮದ ತುದಿಯತ್ತ ಸಿಗುವುದು ರಾನ್ಸ್‌ಲಿ ಕ್ವಾರ್ಟ್ಜೈಟ್. ಹೇಸನ್ ರೇಂಜಿನ ಎತ್ತರದ ಗೋಡೆ ಅದೇ, ಫೋಟೋಗಳಲ್ಲಿ ಕಾಣುವ ಬ್ರಾಚಿನಾ ಅದೇ.

ವಿಲ್ಪೀನಾ ಕಡೆಯ ಬನ್ಯೆರೂ ದಾರಿಯಿಂದ ಬಂದವರು ಬ್ರಾಚಿನಾ ರಸ್ತೆಗೆ ಮಧ್ಯದಲ್ಲಿ ಸೇರುತ್ತಾರೆ. ಅವರಿಗೆ ಈ ಪೂರ್ವಾರ್ಧ ಪೂರಾ ತಪ್ಪಿಹೋಗುತ್ತದೆ. ಬಿಲ್ಲೆ ನೋಡಲಾಗಲಿಲ್ಲ ಎನ್ನುವವರು ಹೆಚ್ಚಾಗಿ ಇವರೇ.

ಕೆಂಪುಧೂಳು
ಒಪ್ಪಿದೆ, ಒಂದು ತಿದ್ದುಪಡಿ. ಬನ್ಯೆರೂ ಬಿಟ್ಟರೆ ರೇಜರ್‌ಬ್ಯಾಕ್ ಲುಕ್‌ಔಟ್ ತಪ್ಪುತ್ತದೆ, ಇಡೀ ಉದ್ಯಾನದಲ್ಲಿ ಕಾರಿನಿಂದ ಇಳಿದು ಹತ್ತು ಹೆಜ್ಜೆಯಲ್ಲಿ ಸಿಗುವ ಅತಿ ಒಳ್ಳೆಯ ನೋಟ ಅದು. ಹಾಗಾಗಿ ಎರಡು ದಿನಕ್ಕೆ ಹಂಚಿ. ಮೊದಲ ದಿನ ಬೆಳಿಗ್ಗೆ ಪೂರ್ವದಿಂದ ಬ್ರಾಚಿನಾ, ಪಶ್ಚಿಮಕ್ಕೆ ಹೊರಬಿದ್ದು ಟಾರಿನಲ್ಲಿ ಹಾಕರ್ ಮೂಲಕ ವಾಪಸು. ಇನ್ನೊಂದು ದಿನ ವಿಲ್ಪೀನಾದಿಂದ ರೇಜರ್‌ಬ್ಯಾಕ್‌ಗೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುವುದು.

ಬೆಳಿಗ್ಗೆ ಯಾಕೆಂದರೆ ಸೂರ್ಯ ಬೆನ್ನಿಗಿರುತ್ತಾನೆ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮಕ್ಕೆ ಓಡಿಸಿದರೆ ಧೂಳು ಕೂತ ಗಾಜಿನ ಮೇಲೆ ಎದುರುಬಿಸಿಲು, ಕಲ್ಲು ಕಾಣುವುದಿಲ್ಲ. ಜುಲೈನಲ್ಲಿ ಹಗಲು ಚಿಕ್ಕದು: ಬೆಳಕಾಗುವುದು ಏಳರ ಮೇಲೆ, ಐದೂವರೆಗೆಲ್ಲ ಕತ್ತಲು. ಆ ಎರಡೂ ಹೊತ್ತಿನಲ್ಲಿ ಕಾಂಗರೂ, ಎಮು ರಸ್ತೆಗೆ ಬರುತ್ತವೆ. ಎಂಟರ ನಂತರ ಹೊರಟು ನಾಲ್ಕೂವರೆಗೆ ಗೂಡು ಸೇರುವ ಹಾಗೆ ಇಟ್ಟುಕೊಳ್ಳಿ. ಸತ್ತ ಕಾಂಗರೂ ಮೇಲೆ ಕೂತ ದೊಡ್ಡ ಹದ್ದು ಕಂಡರೆ ದೂರದಲ್ಲೇ ವೇಗ ಇಳಿಸಿ. ಅದು ಬೇಗ ಮೇಲೇಳಲಾರದು, ಗಾಜಿನ ಮಟ್ಟಕ್ಕೇ ಏರುತ್ತದೆ.

ಕಡಲತಡಿ
ಎಂಟರ ನಂತರ ಹೊರಟರೆ ವಾಲಬಿ ನೋಡ್ಲಿಕ್ಕೆ ಸಿಗುದಿಲ್ಲ ಮಾರಾಯ್ರೆ! ಹಳದಿ ಕಾಲಿನ ಬಂಡೆ ವಾಲಬಿ, ಸಣ್ಣ ಕಾಂಗರೂ ಜಾತಿ. ಇಲ್ಲಿನ ಮೂಲನಿವಾಸಿಗಳಾದ ಅಡ್ನ್ಯಮಾತನ್ಹಾ ಜನ ಅದನ್ನು ಆಂಡು ಅಂತಾರೆ. ಬಾಲಕ್ಕೆ ಉಂಗುರ ಉಂಗುರ ಪಟ್ಟೆ, ಕೆನ್ನೆಗೆ ಬಿಳಿ ಗೆರೆ. ಗಾರ್ಜಿನ ಪಶ್ಚಿಮ ಭಾಗದಲ್ಲಿ ಬಂಡೆ ಜರಿದು ಬಿದ್ದ ಇಳಿಜಾರಿನ ಮೇಲೆ ಇರ್ತದೆ. ಕಾಣುದು ಬೆಳಿಗ್ಗೆ ಮೊದಲ ಬಿಸಿಲಿಗೆ, ಸಂಜೆ ಕಡೇ ಬಿಸಿಲಿಗೆ. ಗಾಡಿಯಿಂದ ಇಳಿಬೇಡಿ. ಎಂಜಿನ್ ಆರಿಸಿ ಸುಮ್ಮನೆ ಕೂತರೆ ಕಲ್ಲಿನ ಬಣ್ಣದಿಂದ ಒಂದೊಂದೇ ಬೇರೆಯಾಗಿ ಕಾಣ್ತದೆ.

ಆದ್ದರಿಂದ ಒಂದು ರಾತ್ರಿ ಒಳಗೇ ಟೆಂಟ್ ಹಾಕಿ. ಬ್ರಾಚಿನಾ ಈಸ್ಟ್, ಟೀಮ್‌ಸ್ಟರ್ಸ್, ಟ್ರೆಝೋನಾ, ಅರೂನಾ ಅಂತೆಲ್ಲ ಕ್ಯಾಂಪ್ ಜಾಗ ಉಂಟು. ಶೌಚಕ್ಕೆ ನೀರಿಲ್ಲದ ಗುಂಡಿ ಕಕ್ಕಸು, ಕರೆಂಟಿಲ್ಲ. ಹಿರಿಯರಿಗೆ ಕಷ್ಟ ಅಂದ್ರೆ ಅವರನ್ನು ವಿಲ್ಪೀನಾ ರೆಸಾರ್ಟಿನಲ್ಲಿ ಇರಿಸಿ. ಬುಕಿಂಗ್ ಎಲ್ಲ ಆನ್‌ಲೈನ್, ಹೊರಡುವ ಮೊದಲೇ ಮಾಡ್ಬೇಕು. ಅಲ್ಲಿ ಹೋಗಿ ಮಾಡ್ತೇನೆ ಅಂದ್ರೆ ಸಿಗ್ನಲ್ ಇಲ್ಲ. ಗಾಡಿಯ ಪ್ರವೇಶ ಪಾಸು ಬೇರೆ, ಕ್ಯಾಂಪ್ ಬೇರೆ. ವಿಲ್ಪೀನಾ ಕ್ಯಾಂಪ್ ಗ್ರೌಂಡ್ ರೆಸಾರ್ಟಿನವರ ಕೈಲಿ ಉಂಟು, ಅದರ ಬುಕಿಂಗ್ ಇನ್ನೂ ಬೇರೆ. ಜುಲೈಗೆ ಶಾಲೆ ರಜೆ ಬೀಳ್ತದೆ, ತಡ ಮಾಡ್ಬೇಡಿ.

ಟೆಂಟ್ ಹಾಕುವಾಗ ಎರಡು ಕಡೆ ಬೇಡ. ಹಳ್ಳದ ಪಾತ್ರ ಒಂದು, ದೊಡ್ಡ ಕೆಂಪು ಗಮ್ ಮರದ (ನೀಲಗಿರಿ ಜಾತಿಯದ್ದು) ಅಡಿ ಇನ್ನೊಂದು. ಆ ಮರ ಗಾಳಿ ಇಲ್ಲದ ದಿನವೂ ತೊಲೆಯಂಥ ಕೊಂಬೆ ಕಳಚಿ ಬೀಳಿಸ್ತದೆ. ನೆರಳು ಚೆಂದ ಉಂಟು ಅಂತ ಎಲ್ಲರೂ ಅಲ್ಲಿಗೇ ಹೋಗುದು. ಉದ್ಯಾನದೊಳಗೆ ಸೌದೆ ಆಯುವಂತಿಲ್ಲ, ಬಿದ್ದ ಕಡ್ಡಿ ಸಹ. ಅಡುಗೆಗೆ ಗ್ಯಾಸ್ ಸ್ಟೌವೇ ಗತಿ. ಜುಲೈ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯುದುಂಟು, ಬ್ಯೂಟೇನ್ ಡಬ್ಬಿ ಆ ಚಳಿಗೆ ಸರಿಯಾಗಿ ಉರಿಯುದಿಲ್ಲ. ಡಬ್ಬಿಯನ್ನು ರಾತ್ರಿ ಮಲಗುವ ಚೀಲದೊಳಗೆ ಬೆಚ್ಚಗೆ ಇಡಿ, ಇಲ್ಲ ಪ್ರೋಪೇನ್ ಬೆರೆಸಿದ್ದು ತಕೊಳ್ಳಿ. ನಾಯಿ ಕರಕೊಂಡು ಹೋಗುವಂತಿಲ್ಲ. ನರಿ ಕೊಲ್ಲಲಿಕ್ಕೆ ವಿಷದ ಮಾಂಸ ಇಡ್ತಾರೆ. 1992ರಿಂದ ನರಿ, ಕಾಡಾಡು ಕಡಿಮೆ ಮಾಡಿದ್ದಕ್ಕೇ ಈ ವಾಲಬಿ ಉಳಿದದ್ದು.

ಹಳೆಗೋಡೆ
ಹೋಮ್‌ಸ್ಟೆಡ್‌ಗಳ ಬಗ್ಗೆ. ತುಂಗಾತೀರ ಅವರೇ, ಗಾರ್ಜಿಗಿಂತ ಮೊದಲು ಕನ್ಯಾಕಾ ನೋಡಿ. ಕ್ವಾರ್ನ್‌ನಿಂದ ಹಾಕರ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಹೆದ್ದಾರಿ ಪಕ್ಕ ಸ್ವಲ್ಪ ದೂರದ ಮಣ್ಣಿನ ದಾರಿ, ನೆಲ ಸಮತಟ್ಟು, ಮಂಡಿನೋವಿನವರಿಗೂ ಆಗುತ್ತದೆ.

ಹ್ಯೂ ಪ್ರೋಬಿ ಎಂಬ ಐರಿಷ್ ಶ್ರೀಮಂತ ಮನೆತನದ ಹುಡುಗ ಶುರುಮಾಡಿದ ದನದ ಸ್ಟೇಷನ್ ಅದು, ಕುರಿ ಬಂದದ್ದು ಆಮೇಲೆ. 1852ರಲ್ಲಿ ಗುಡುಗು ಮಳೆಯಲ್ಲಿ ಚದುರಿದ ದನ ಅಟ್ಟಿಕೊಂಡು ಹೋಗಿ, ವಿಲೋಕ್ರಾ ಹಳ್ಳ ದಾಟುವಾಗ ಕುದುರೆಯಿಂದ ಕೊಚ್ಚಿಹೋದ. ವಯಸ್ಸು 24. ವರ್ಷದಲ್ಲಿ ಬಹುಪಾಲು ಒಣಗಿರುವ ಹಳ್ಳ ಅದು. ಅವನ ನಂತರ ಸ್ಟೇಷನ್ ಬೆಳೆದು ಒಂದು ಹಂತದಲ್ಲಿ 70 ಕುಟುಂಬಗಳು ಅಲ್ಲಿ ದುಡಿದವು. ಸುತ್ತ ಒಳ್ಳೆಯ ಮರ ಇರಲಿಲ್ಲ, ಹಾಗಾಗಿ ಎಲ್ಲ ಕಲ್ಲಿನ ಕಟ್ಟಡ, ಗೋಡೆ ಇಂದಿಗೂ ನಿಂತಿರುವುದು ಅದರಿಂದ. 1860ರ ದಶಕದ ನಡುವಿನ ಬರದಲ್ಲಿ ಸಾವಿರಾರು ಕುರಿ ಸತ್ತವು, 1888ರ ಹೊತ್ತಿಗೆ ಜಾಗ ಖಾಲಿ. ಕಟ್ಟಿದವನು ನೀರಿನಲ್ಲಿ ಸತ್ತ, ಕಟ್ಟಿದ್ದು ನೀರಿಲ್ಲದೆ ಸತ್ತಿತು. ಗಾರ್ಜಿನ ಹಳ್ಳ ದಾಟುವ ಮೊದಲು ಇದನ್ನು ನೋಡಿ ಎಂದದ್ದು ಇದಕ್ಕೇ. ಗೋಡೆಗಳ ಮೇಲೆ ಹತ್ತಬೇಡಿ, ಗಾರೆ ಸತ್ತಿದೆ.

ಅರೂನಾ ಬ್ರಾಚಿನಾಕ್ಕೆ ಅಂಟಿಕೊಂಡೇ ಇದೆ. ಗಾರ್ಜ್ ದಾರಿಯಿಂದ ಉತ್ತರಕ್ಕೆ ಕವಲು. ಬ್ರೌನ್ ಎಂಬ ವೈದ್ಯ ಸಹೋದರರು 1851ರಲ್ಲಿ ಹಿಡಿದ ಜಾಗ, ಹೇವರ್ಡ್ ಎಂಬಾತ ನೋಡಿಕೊಳ್ಳುತ್ತಿದ್ದ. ಅವನ ಮನೆಯಲ್ಲಿ ಈಗ ಉಳಿದಿರುವುದು ಅಡಿಪಾಯದ ಕಲ್ಲು ಅಷ್ಟೆ. ಹತ್ತಿರ ನಿಂತಿರುವ ಗುಡಿಸಲು ಅದಕ್ಕಿಂತ ತುಂಬ ಈಚಿನದು. ಚಿತ್ರಕಾರ ಹ್ಯಾನ್ಸ್ ಹೇಸನ್ 1920ರ ದಶಕದ ಕೊನೆಯಿಂದ ಈ ಕಡೆ ಬಂದು ಅಲ್ಲಿ ತಂಗುತ್ತಿದ್ದ. ಕಟ್ಟಿದ ರೀತಿ ಗಮನಿಸಿ: ಸ್ಥಳೀಯ ಸೈಪ್ರೆಸ್ ಪೈನ್ ಕಂಬಗಳನ್ನು ಒತ್ತೊತ್ತಾಗಿ ನೆಲಕ್ಕೆ ನೆಟ್ಟು, ಸಂದಿಗೆ ಕೆಸರು ಮೆತ್ತಿದ್ದಾರೆ. ಈ ಮರಕ್ಕೆ ಗೆದ್ದಲು ಹಿಡಿಯುವುದು ಕಡಿಮೆ, ಹಾಗಾಗಿ ಕಂಬ ಉಳಿಯುತ್ತದೆ, ಮಳೆಗೆ ಮಣ್ಣು ಮಾತ್ರ ಕರಗುತ್ತದೆ. ಕಡಪ, ಸುಣ್ಣ, ಇಟ್ಟಿಗೆ ಯಾವುದೂ ಬೇಕಿಲ್ಲದ ಕಟ್ಟಡ.

ಹಳೇ ವಿಲ್ಪೀನಾ ಸ್ಟೇಷನ್ ಮೂರರಲ್ಲಿ ಪೂರ್ತಿಯಾಗಿ ಉಳಿದದ್ದು. 1851ರಲ್ಲಿ ಆರಂಭ, 1985ರವರೆಗೂ ಕುರಿ ಸಾಕಣೆ ನಡೆದಿದೆ. ಒಂದೂ ಕಾಲು ಶತಮಾನಕ್ಕೂ ಹೆಚ್ಚು ಕಾಲ ಜನ ವಾಸವಿದ್ದರಿಂದ ಪಾಳುಬೀಳಲಿಲ್ಲ. ಮನೆ, ಉಗ್ರಾಣ, ಕಮ್ಮಾರಸಾಲೆ ಎಲ್ಲ ಸುತ್ತಿ ನೋಡುವ ಸಮತಟ್ಟು ದಾರಿ ಇದೆ. ಒಂದು ಗಂಟೆ ಇಟ್ಟುಕೊಳ್ಳಿ. ಹತ್ತಿರದಲ್ಲೇ ಕಾಝ್ನೋ ಮರ, ಹೆರಾಲ್ಡ್ ಕಾಝ್ನೋ 1937ರಲ್ಲಿ ತೆಗೆದ ಫೋಟೋದಿಂದ ಹೆಸರಾದ ಕೆಂಪು ಗಮ್. ಬುಡ ಪೊಳ್ಳಾದರೂ ಈಗಲೂ ಚಿಗುರುತ್ತದೆ.

ಇವೆಲ್ಲ ಖಾಲಿ ಜಾಗದಲ್ಲಿ ಎದ್ದವಲ್ಲ ಎನ್ನುವುದನ್ನೂ ಸೇರಿಸಬೇಕು. ಸ್ಟೇಷನ್ನುಗಳು ಕೂತದ್ದು ನೀರಿನ ಗುಂಡಿಗಳ ದಂಡೆಯಲ್ಲಿ. ಆ ಗುಂಡಿಗಳೇ ಅಡ್ನ್ಯಮಾತನ್ಹಾ ಜನರ ಬದುಕು. ಕುರಿ ಬಂದ ಮೇಲೆ ಜಗಳ ಹತ್ತಿದ್ದೂ ಅಲ್ಲೇ. ಆಮೇಲೆ ಇದೇ ಸ್ಟೇಷನ್ನುಗಳಲ್ಲಿ ಕುರಿ ಕಾದವರು, ಉಣ್ಣೆ ಕತ್ತರಿಸಿದವರಲ್ಲಿ ಅವರೂ ಇದ್ದರು. 2009ರಲ್ಲಿ ನ್ಯಾಯಾಲಯ ಅವರ ಭೂಹಕ್ಕನ್ನು ಒಪ್ಪಿತು. ಉದ್ಯಾನದ ಹೆಸರಿಗೆ ಅವರ ಭಾಷೆಯ ಇಕಾರಾ ಸೇರಿದ್ದು 2016ರಲ್ಲಿ.

ತುಂಗಾತೀರ
ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ವಿಲ್ಪೀನಾ ಪೌಂಡ್ (ಸುತ್ತ ಬೆಟ್ಟವಿರುವ ಬೋಗುಣಿಯಂಥ ಜಾಗ) ಒಳಗಿರುವ ಹಿಲ್ಸ್ ಹೋಮ್‌ಸ್ಟೆಡ್ ಬಗ್ಗೆ ಯಾರೂ ಹೇಳಲಿಲ್ಲ. ಹಿರಿಯರಿಗೆ ಆಗುತ್ತದೆಯೇ?

ಹಳೆಗೋಡೆ
ಹೋಗಿ ಬರಲು ಸುಮಾರು 7 ಕಿ.ಮೀ. ನಡಿಗೆ. ದಾರಿ ಬಹುಪಾಲು ಸಮ, ಮರದ ನೆರಳಿದೆ. ಮನೆಯಿಂದ ಮೇಲಕ್ಕೆ ವಾಂಗಾರಾ ಲುಕ್‌ಔಟಿಗೆ ಏರುವ ಭಾಗ ಮಾತ್ರ ಮಂಡಿಗೆ ಬೇಡ. ಅರ್ಧ ದಾರಿ ಉಳಿಸುವ ಶಟಲ್ ಬಸ್ ಆ ದಿನ ಓಡುತ್ತಿದೆಯಾ ಎಂದು ವಿಸಿಟರ್ ಸೆಂಟರಿನಲ್ಲಿ ಕೇಳಿ.

ಹಿಲ್ ಕುಟುಂಬದವರು ಅಲ್ಲಿ ಮಾಡಿದ್ದು ಗೋಧಿ ಬೇಸಾಯ, ಅದೂ ಗಾಯ್ಡರ್ ಗೆರೆಯಿಂದ ಎಷ್ಟೋ ಉತ್ತರದಲ್ಲಿ. ಬೆಟ್ಟದ ಬೋಗುಣಿಯೊಳಗೆ ಮಳೆ ಸ್ವಲ್ಪ ಹೆಚ್ಚು ಎಂಬ ನಂಬಿಕೆ. ಬೆಳೆ ಹೊರಗೆ ಸಾಗಿಸಲು ಇಕ್ಕಟ್ಟಾದ ಹಳ್ಳದ ಬಾಯಲ್ಲಿ ಮರದ ದಿಮ್ಮಿ ಹಾಸಿ ರಸ್ತೆ ಮಾಡಿದರು. 1914ರಲ್ಲಿ ನೆರೆ ಬಂದು ಆ ರಸ್ತೆಯನ್ನು ಎತ್ತಿಕೊಂಡು ಹೋಯಿತು. ಅವರು ಮತ್ತೆ ಕಟ್ಟಲಿಲ್ಲ. ನೀವು ಈಗ ನಡೆಯುವುದು ಅದೇ ಬಾಯಿಯಿಂದ.

ಮೈಸೂರ_ಬೇಸಾಯ
ಗಾಯ್ಡರ್ ಗೆರೆ ಅಂದರೆ ಮಳೆ ಅಳತೆಯ ಗೆರೆ ತಾನೇ? 10 ಇಂಚು ಮಳೆ ಬೀಳುವ ಕಡೆಯೆಲ್ಲ ಎಳೆದ ಗೆರೆ ಅಂತ ಎಲ್ಲ ಕಡೆ ಬರೆದಿರುತ್ತಾರೆ.

ಪದರಗಲ್ಲು
ಪರಿಣಾಮದಲ್ಲಿ ಹತ್ತಿರ ಹತ್ತಿರ ಹಾಗೆಯೇ. ಆದರೆ ಎಳೆದದ್ದು ಮಳೆಮಾಪಕ ನೋಡಿ ಅಲ್ಲ. 1865ರ ಬರದಲ್ಲಿ ಸರ್ವೆಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಮೇಲೆ ಸುತ್ತಿ, ಮ್ಯಾಲೀ ಕುರುಚಲು ಮುಗಿದು ಉಪ್ಪುಗಿಡ ಶುರುವಾಗುವ ಕಡೆಯನ್ನು ಗುರುತು ಮಾಡಿದ. ಗಿಡಗಳು ನೂರಾರು ವರ್ಷದ ಮಳೆಯ ಲೆಕ್ಕ ಇಟ್ಟಿರುತ್ತವೆ ಎಂಬ ತರ್ಕ. 1870ರ ದಶಕದಲ್ಲಿ ಕೆಲವು ವರ್ಷ ಒಳ್ಳೆಯ ಮಳೆಯಾಯಿತು, ಜನ ಗಾಯ್ಡರನನ್ನು ಹಂಗಿಸಿ ಗೆರೆ ದಾಟಿ ಗೋಧಿ ಬಿತ್ತಿದರು. 1880ರಲ್ಲಿ ಹಾಕರ್ ಪಟ್ಟಣಕ್ಕೆ ನಿವೇಶನ ಬಿದ್ದದ್ದು ಆ ಹುರುಪಿನಲ್ಲೇ. ಮುಂದಿನ ಒಣ ವರ್ಷಗಳಲ್ಲಿ ರೈತರು ಎದ್ದುಹೋದರು. ಹಾಕರ್ ಸುತ್ತ ಹೆದ್ದಾರಿಯಿಂದ ಕಾಣುವ ಒಂಟಿ ಕಲ್ಲುಮನೆಗಳು ಬಹಳಷ್ಟು ಈ ಗೋಧಿಯವರವು, ಕುರಿ ಸ್ಟೇಷನ್ನಿನವಲ್ಲ. ಎರಡು ಬೇರೆ ಕಾಲ, ಎರಡು ಬೇರೆ ಸೋಲು.

ಕೆಂಪುಧೂಳು
ಈಗ ಇವತ್ತಿನ ಹಳ್ಳದ ವಿಷಯ. ಫ್ಲಿಂಡರ್ಸ್ ಬೆಟ್ಟ ಬರೀ ಬಂಡೆ, ತೆಳು ಮಣ್ಣು. ಬಿದ್ದ ಮಳೆ ಇಂಗುವುದಿಲ್ಲ, ಸೀದಾ ಹಳ್ಳಕ್ಕೆ ಇಳಿಯುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದು ಮೇಲ್ಗಡೆ ಕಣಿವೆಯಲ್ಲಿ ಸುರಿದಿದ್ದರೂ ಸಾಕು. ಗಾರ್ಜಿನೊಳಗೆ ರಸ್ತೆಯೇ ಹಳ್ಳವಾದ್ದರಿಂದ ತಪ್ಪಿಸಿಕೊಂಡು ನಿಲ್ಲುವ ಜಾಗ ಕಡಿಮೆ.

ಹೊರಡುವ ಹಿಂದಿನ ಸಂಜೆ ಮತ್ತು ಅದೇ ಬೆಳಿಗ್ಗೆ ಮೂರು ನೋಡಿ: ರಾಜ್ಯ ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿ, ಉದ್ಯಾನದ ಮುಚ್ಚುವಿಕೆ ಸೂಚನೆ, ಹವಾಮಾನ ಇಲಾಖೆಯ ರಾಡಾರ್. ವಿಸಿಟರ್ ಸೆಂಟರಿನಲ್ಲಿ ಬಾಯಿಮಾತಲ್ಲೂ ಕೇಳಿ. ರಸ್ತೆ ಮುಚ್ಚಿದೆ ಎಂಬ ಫಲಕ ದಾಟಿ ಹೋದರೆ ದಂಡ, ವಿಮೆಯೂ ಇಲ್ಲ. ಮಳೆ ನಿಂತ ಮಾರನೆ ದಿನ ಬಿಸಿಲು ಬಂತೆಂದು ಫಲಕ ಎದ್ದುಬಿಡುವುದಿಲ್ಲ, ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಬಂದು ಕಲ್ಲು ಸರಿಸಬೇಕು.

ಹಳ್ಳದಲ್ಲಿ ನೀರು ನಿಂತಿದ್ದರೆ ಇಳಿದು ಕೋಲಿನಿಂದ ಅಳೆಯಿರಿ. ಹರಿಯುತ್ತಿದ್ದರೆ ಅಳೆಯುವುದೂ ಬೇಡ, ವಾಪಸು ತಿರುಗಿ. ನಾಲ್ಕು ರಾತ್ರಿಯಲ್ಲಿ ಗಾರ್ಜಿಗೆ ಒಂದೇ ದಿನ ಗೊತ್ತುಮಾಡಬೇಡಿ, ಎರಡು ಬೆಳಗ್ಗೆ ಖಾಲಿ ಇಟ್ಟುಕೊಂಡು ಒಣಗಿದ ದಿನ ಹೋಗಿ.

ಕಡಲತಡಿ
ನೀರು ಕುಡಿಲಿಕ್ಕೆ, ಅಡುಗೆಗೆ ಸೇರಿ ತಲೆಗೆ ದಿನಕ್ಕೆ 7ರಿಂದ 10 ಲೀಟರ್ ಲೆಕ್ಕ ಹಾಕಿ. ನಾಲ್ಕು ಜನಕ್ಕೆ ಒಂದು ದಿನದ ಗಾರ್ಜ್ ತಿರುಗಾಟಕ್ಕೆ ಅಂತ 20 ಲೀಟರಿನ ಎರಡು ಕ್ಯಾನು. ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬಿಸ್ಬೇಡಿ, ಒಡೆದರೆ ಎಲ್ಲಾ ಹೋಗ್ತದೆ. ಕ್ಯಾಂಪ್ ಜಾಗದ ಟ್ಯಾಂಕಿ ಖಾಲಿ ಇದ್ದೀತು, ಇದ್ದರೂ ಕುದಿಸದೆ ಕುಡಿಬೇಡಿ.

ಪೆಟ್ರೋಲ್ ಹಾಕರ್‌ನಲ್ಲಿ ತುಂಬಿಸಿ. ವಿಲ್ಪೀನಾದಲ್ಲೂ ಪಂಪು ಉಂಟು, ರೇಟು ಜಾಸ್ತಿ. ಬ್ಲಿನ್‌ಮನ್, ಪ್ಯಾರಚಿಲ್ನಾ ನಂಬಿಕೊಂಡು ಹೋಗ್ಬೇಡಿ. ಊಟಕ್ಕೆ ಸಸ್ಯಾಹಾರಿಗಳಿಗೆ ಹಾಕರ್ ದಾಟಿದ ಮೇಲೆ ಆಯ್ಕೆ ಕಮ್ಮಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಉಪ್ಪಿಟ್ಟಿನ ಹುರಿದ ರವೆ ಇದ್ದರೆ ಒಂದು ಪಾತ್ರೆಯಲ್ಲೇ ಮುಗಿತದೆ, ತೊಳೆಯುವ ನೀರೂ ಉಳಿತದೆ.

ಹುಬ್ಬಳ್ಳಿ_ಗೇರ್
ಫೋನ್ ಬಗ್ಗೆ. ಹಾಕರ್, ವಿಲ್ಪೀನಾದಾಗ ಟೆಲ್‌ಸ್ಟ್ರಾ ಸಿಗ್ನಲ್ ಸಿಗತೈತಿ. ಬ್ಯಾರೆ ಕಂಪನಿ ಸಿಮ್ಮಿಗೆ ಭರವಸೆ ಇಲ್ಲ. ಗಾರ್ಜಿನಾಗ ಯಾವುದೂ ಇಲ್ಲ. ನಕಾಶೆ ಮೊದಲ ಇಳಿಸಿಕೊಳ್ರಿ. ಐಫೋನ್ 14 ಅಥವಾ ಆಮೇಲಿನದ್ದಾದರ ಉಪಗ್ರಹದ ಮೂಲಕ ತುರ್ತು ಸಂದೇಶ ಆಸ್ಟ್ರೇಲಿಯಾದಾಗ ನಡೀತೈತಿ, ಆದರ ಆಕಾಶ ಬಯಲಾಗಿ ಕಾಣಬೇಕು. ಎರಡೂ ಕಡೆ ಬಂಡೆಗ್ವಾಡಿ ಇದ್ದಲ್ಲಿ ತಡ ಆಗತೈತಿ. ಖಾತ್ರಿ ಬೇಕಂದ್ರ 406 ಮೆಗಾಹರ್ಟ್ಝಿನ ಪಿಎಲ್‌ಬಿ, ಅಂದ್ರ ಉಪಗ್ರಹಕ್ಕ ತುರ್ತು ಸಂಕೇತ ಕಳಸೂ ಸಣ್ಣ ಯಂತ್ರ, ಬಾಡಿಗಿಗೆ ತಗೊಳ್ರಿ. ಅಂಗೈಯಷ್ಟು ಇರತೈತಿ, ಜೀವಕ್ಕ ಅಪಾಯ ಇದ್ದಾಗ ಅಷ್ಟ ಒತ್ತೂದು. ಪಂಕ್ಚರಿಗೆ ಒತ್ತಬ್ಯಾಡ್ರಿ ಮತ್ತ.

ಗಾಡಿ ನಿಂತ ಹೋತು ಅಂದ್ರ ಗಾಡಿ ಬಿಟ್ಟು ನಡೀಬ್ಯಾಡ್ರಿ. ಬಾನೆಟ್ ಎತ್ತಿಡ್ರಿ, ನೆರಳು ಮಾಡಿಕೊಂಡು ಕೂಡ್ರಿ. ಜುಲೈದಾಗ ಈ ದಾರಿಗೆ ದಿನಾ ಗಾಡಿ ಓಡಾಡತಾವ. ಹೊರಡೂ ಮುಂದ ಎಷ್ಟೊತ್ತಿಗೆ ತಿರುಗಿ ಬರತೀವಿ ಅಂತ ರೆಸಾರ್ಟಿನಾಗ ಉಳಿದವರಿಗೆ ಬರದು ಕೊಟ್ಟು ಹೋಗ್ರಿ.

ಗದಗ_ಕಲ್ಲು
ಪದರಗಲ್ಲು ಸರ್, ಎಡಿಯಾಕರನ್ ಪಳೆಯುಳಿಕೆ ಬ್ರಾಚಿನಾದಲ್ಲಿ ಕಾಣಸಿಗ್ತಾವೇನ್ರಿ? ನಮ್ಮ ಭೀಮ್‌ಬೇಟ್ಕಾದಲ್ಲೂ ಡಿಕಿನ್ಸೋನಿಯಾ ಅನ್ನೋ ಆ ಕಾಲದ ಜೀವಿಯ ಅಚ್ಚು ಸಿಕ್ಕಿದೆ ಅಂತ ಓದಿದ್ದೆ.

ಪದರಗಲ್ಲು
ಭೀಮ್‌ಬೇಟ್ಕಾದ್ದು 2021ರಲ್ಲಿ ಪ್ರಕಟವಾಯಿತು, 2023ರಲ್ಲಿ ಬಿದ್ದುಹೋಯಿತು. ಗುಹೆಯ ಸೂರಿನಲ್ಲಿದ್ದದ್ದು ಹಳೆಯ ಹೆಜ್ಜೇನು ಹುಟ್ಟಿನ ಗುರುತು ಎಂದು ಇನ್ನೊಂದು ತಂಡ ತೋರಿಸಿತು, ಮೊದಲು ಬರೆದವರೂ ಒಪ್ಪಿದರು. ನಮ್ಮ ಕಡೆ ಬಂಡೆಯಡಿ ಹೆಜ್ಜೇನು ಕಂಡವರಿಗೆ ಆ ಫೋಟೋ ನೋಡಿದ ಕೂಡಲೇ ಅನುಮಾನ ಬರಬೇಕಿತ್ತು ಬಿಡಿ.

ಬ್ರಾಚಿನಾ ದಾರಿಯಲ್ಲಿ ಹುಡುಕಿಕೊಂಡು ಹೋಗಬೇಡಿ. ಉದ್ಯಾನದೊಳಗೆ ಕಲ್ಲು ಕೀಳುವುದು, ಎತ್ತಿಕೊಳ್ಳುವುದು ಅಪರಾಧ, ದೇಶದ ಹೊರಗೆ ಒಯ್ಯುವುದು ಇನ್ನೂ ದೊಡ್ಡ ಅಪರಾಧ. ಸರಿಯಾಗಿ ನೋಡುವ ಜಾಗ ನಿಲ್ಪೀನಾ, ಬೆಟ್ಟದ ಪಶ್ಚಿಮದ ಬಯಲಿನಲ್ಲಿ. ಅದೂ ಹಿಂದೆ ಕುರಿ–ದನದ ಸ್ಟೇಷನ್. ರಾಷ್ಟ್ರೀಯ ಉದ್ಯಾನವಾಗಿ 2023ರಲ್ಲಿ ಜನರಿಗೆ ತೆರೆಯಿತು. ಮಾರ್ಗದರ್ಶಕರ ಜೊತೆ, ಮೊದಲೇ ಬುಕ್ ಮಾಡಿದರೆ ಮಾತ್ರ ಪ್ರವೇಶ. ಹಳೆಯ ಸಮುದ್ರತಳದ ಹಾಸುಗಲ್ಲುಗಳನ್ನು ಮಗುಚಿ ಇಟ್ಟಿದ್ದಾರೆ. ಅಡಿಭಾಗದಲ್ಲೇ ಅಚ್ಚು ಮೂಡಿರುವುದು, ಹಾಗಾಗಿ ಮಗುಚಬೇಕು. ಪಕ್ಕದಿಂದ ಓರೆ ಬೆಳಕು ಬಿಟ್ಟಾಗ ಕಾಣುತ್ತವೆ, ನಡುಮಧ್ಯಾಹ್ನದ ಬಿಸಿಲಿಗೆ ಏನೂ ಕಾಣುವುದಿಲ್ಲ. ರೆಗ್ ಸ್ಪ್ರಿಗ್ 1946ರಲ್ಲಿ ಮೊದಲು ಕಂಡದ್ದು ಇಲ್ಲಿಂದ ಉತ್ತರಕ್ಕಿರುವ ಎಡಿಯಾಕರಾ ಗುಡ್ಡಗಳಲ್ಲಿ. ಇದೊಂದಕ್ಕೆ ಅರ್ಧ ದಿನ ಬೇಕು. ನಾಲ್ಕು ರಾತ್ರಿಯ ಯೋಜನೆಯಲ್ಲಿ ಇದನ್ನು ತೂರಿಸಿದರೆ ಕನ್ಯಾಕಾ ಅಥವಾ ರೇಜರ್‌ಬ್ಯಾಕ್ ಬಿಡಬೇಕಾದೀತು.

ಹಳೆಗೋಡೆ
ಎರಡು ಮಾತು ಬಿಟ್ಟುಹೋಗಿತ್ತು. ಸೇಂಟ್ ಮೇರಿ ಶಿಖರ 1,171 ಮೀ., ಪೌಂಡಿನಲ್ಲಿ ಎಲ್ಲಕ್ಕೂ ಎತ್ತರದ್ದು. ಬೆಟ್ಟದ ಗೋಡೆಗಳೇ ಎರಡು ಅಕುರಾ ಸರ್ಪಗಳ ಮೈ, ಶಿಖರ ಒಂದರ ತಲೆ ಎಂಬುದು ಅಡ್ನ್ಯಮಾತನ್ಹಾ ಕಥೆ. ತುದಿಗೆ ಹತ್ತಬೇಡಿ, ಟಂಡೆರಾ ಸ್ಯಾಡಲ್ ತನಕ ಸಾಕು ಎಂದು ಅವರು ಕೇಳಿಕೊಳ್ಳುತ್ತಾರೆ. ತುಂಗಾತೀರ ಅವರ ಮನೆಯವರಿಗೆ ಅದು ಹೇಗೂ ಆಗದ ಏರು, ಓದುವ ಬೇರೆಯವರಿಗೆ ಹೇಳಿದೆ. ಸೇಕ್ರೆಡ್ ಕ್ಯಾನ್ಯನ್ನಿನ ಕೆತ್ತನೆಗಳನ್ನು ಸ್ಥಳೀಯ ಮಾರ್ಗದರ್ಶಕರೊಂದಿಗೇ ನೋಡಬೇಕು. ಹಿರಿಯರಿಗೆ ಆಗುವಂಥದ್ದು ಸ್ಟೋಕ್ಸ್ ಹಿಲ್ ಲುಕ್‌ಔಟ್, ಕಾರು ಮೇಲಿನವರೆಗೂ ಹೋಗುತ್ತದೆ.

ಶರಾವತಿ_ಸಿಡ್ನಿ
ಇದೇ ಸುತ್ತಾಟವನ್ನು ಸಿಡ್ನಿಯಿಂದ ಬ್ರೋಕನ್ ಹಿಲ್ ಮೇಲೆ ಬಂದು ಮಾಡುವವರಿಗೆ ಬೇರೆ ಏನಾದರೂ ಎಚ್ಚರಿಕೆ ಇದೆಯಾ?

ಕೆಂಪುಧೂಳು
ಇದೆ. ಬ್ಯಾರಿಯರ್ ಹೆದ್ದಾರಿಯಲ್ಲಿ ಊಡ್ಲಾ ವಿರಾ ಎಂಬಲ್ಲಿ ತಪಾಸಣೆ. ಹಣ್ಣಿನ ನೊಣದ ಭಯಕ್ಕೆ ದಕ್ಷಿಣ ಆಸ್ಟ್ರೇಲಿಯಾದೊಳಗೆ ತಾಜಾ ಹಣ್ಣು ಬಿಡುವುದಿಲ್ಲ, ಹಣ್ಣಿನ ಲೆಕ್ಕದಲ್ಲಿ ಟೊಮೆಟೊ, ಹಸಿಮೆಣಸಿನಕಾಯಿಯೂ ಬರುತ್ತವೆ. ಐಸ್ ಪೆಟ್ಟಿಗೆ ತೆಗೆಸಿ ನೋಡುತ್ತಾರೆ. ಮನೆಯಲ್ಲೇ ಬೇಯಿಸಿ ಗೊಜ್ಜು ಮಾಡಿದ್ದರೆ ತೊಂದರೆ ಇಲ್ಲ, ಹಸಿಯದ್ದು ತಂದಿದ್ದರೆ ಅಲ್ಲೇ ತೊಟ್ಟಿಗೆ ಹಾಕಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ತರಕಾರಿ ಖರೀದಿ ಗಡಿ ದಾಟಿ ಪೀಟರ್‌ಬರೋದಲ್ಲಿ ಇಟ್ಟುಕೊಳ್ಳಿ. ಅಲ್ಲಿಂದ ಒರೊರೂ ಮೇಲೆ ಹಾಕರ್‌ಗೆ ಬಂದರೆ ಕನ್ಯಾಕಾ ದಾರಿಯಲ್ಲಿ ಸಿಗುವುದಿಲ್ಲ, ಹಾಕರ್‌ನಿಂದ ಕ್ವಾರ್ನ್ ಕಡೆಗೆ ಬೇರೆಯಾಗಿ ಹೋಗಿಬರಬೇಕು.